ಬೇವು ಕಡಿಯುವ ಮುಂಚೆ ಬಿರುಕನ್ನು ಅಳೆಯಿರಿ

ಓದುಗರ ಪ್ರಶ್ನೆ: "ದಾವಣಗೆರೆ ಹೊರವಲಯದ ಬಡಾವಣೆಯೊಂದರಲ್ಲಿ ನಮ್ಮದು 40–60ರ ಸೈಟು. ಮೊದಲು ಅದು ಹತ್ತಿ ಬೆಳೆಯುತ್ತಿದ್ದ ಎರೆ ಹೊಲ. 2006ರಲ್ಲಿ ಮನೆ ಕಟ್ಟಿಸಿದೆವು. ಸೈಜುಗಲ್ಲಿನ ಪಾಯ, 4 ಅಡಿ ಆಳ, ಕಾಲಂ ಇಲ್ಲ. ಗೃಹಪ್ರವೇಶದ ವಾರವೇ ನಮ್ಮ ತಾಯಿ ನೈರುತ್ಯ ಮೂಲೆಯಲ್ಲಿ, ಗೋಡೆಯಿಂದ 9 ಅಡಿ ದೂರದಲ್ಲಿ ಒಂದು ಬೇವಿನ ಸಸಿ ನೆಟ್ಟರು. ಈಗ ಬೊಡ್ಡೆಯೇ ಒಂದೂವರೆ ಅಡಿ ದಪ್ಪ ಇದೆ. 2016ರಲ್ಲಿ ಮೇಲೆ ಒಂದು ರೂಮು ಹಾಕಿಸಿದೆವು. 2024ರ ಏಪ್ರಿಲ್‌ನಲ್ಲಿ ಆ ಮೂಲೆಯ ಬೆಡ್‌ರೂಮಿನ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿತ್ತು. ಮೇಲ್ಗಡೆ ನಾಣ್ಯ ತೂರುತ್ತದೆ, ಕೆಳಗಡೆ ಕೂದಲೆಳೆಯಷ್ಟು. ಮಳೆಗಾಲದಲ್ಲಿ ಸ್ವಲ್ಪ ಕೂಡಿಕೊಂಡಿತು, ಈ ಬೇಸಿಗೆಯಲ್ಲಿ ಮತ್ತೆ ಬಾಯಿ ಬಿಟ್ಟಿದೆ. ಬೇಸಿಗೆಯಲ್ಲಿ ಆ ರೂಮಿನ ಬಾಗಿಲೂ ಹಿಡಿಯುತ್ತದೆ. ವರ್ಷಕ್ಕೆರಡು ಸಲ ಚೇಂಬರ್ ಕಟ್ಟಿಕೊಳ್ಳುತ್ತದೆ. ಬೇರು ಪಾಯ ತಿನ್ನುತ್ತಿದೆ, ಮರ ಕಡಿದು ಬೇರಿಗೆ ಆ್ಯಸಿಡ್ ಹಾಕಿ ಅಂತ ಮೇಸ್ತ್ರಿ ಹೇಳುತ್ತಾರೆ. ತಾಯಿ ಊಟ ಬಿಟ್ಟಿದ್ದಾರೆ. ಇನ್ನೊಂದು ಪಕ್ಕದಲ್ಲಿ ತೆಂಗು ಇದೆ, ಮಾಳಿಗೆಯ ಪ್ಯಾರಾಪೆಟ್ಟಿನಲ್ಲಿ ಒಂದು ಅರಳಿ ಸಸಿ ಎದ್ದಿದೆ. ಹಿಂದಿನ ಸೈಟಿನಲ್ಲಿ ಮಗ ಮನೆ ಕಟ್ಟುವವನಿದ್ದಾನೆ. ಏನು ಮಾಡಲಿ?"

ಮೊದಲು ತಾಯಿಯವರಿಗೆ ಹೇಳಿ, ಈ ವರ್ಷ ಮರ ಕಡಿಯುವುದಿಲ್ಲ ಅಂತ. ಅವರನ್ನು ಸಮಾಧಾನ ಮಾಡಲು ಈ ಮಾತು ಹೇಳುತ್ತಿಲ್ಲ. ನೀವು ಬರೆದಿರುವುದನ್ನು ಓದಿದರೆ ಈಗಲೇ ಕೊಡಲಿ ಎತ್ತಲು ಕಾರಣ ಕಾಣುವುದಿಲ್ಲ. ಜೊತೆಗೆ ಆ ಬಿರುಕಿಗೆ ಈಗಲೇ ಸಿಮೆಂಟ್ ತುಂಬಬೇಡಿ. ಆ್ಯಸಿಡ್ ಅಂತೂ ಮನೆ ಕಾಂಪೌಂಡಿನೊಳಗೆ ಬರಕೂಡದು.

ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಮೂಲೆಯ ಬಿರುಕಿಗೂ ಬೇವಿಗೂ ಸಂಬಂಧ ಇದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಬೇರು ಪಾಯ ತಿನ್ನುತ್ತಿದೆ ಅನ್ನುವುದು ತಪ್ಪು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಗೊತ್ತಾಗದೆ ನಮ್ಮೂರಲ್ಲಿ ಎಷ್ಟೋ ಒಳ್ಳೆ ಮರಗಳು ಹೋಗಿವೆ. ಮರ ಹೋದ ಮೇಲೂ ಬಿರುಕು ಹಾಗೇ ಉಳಿದ ಮನೆಗಳನ್ನು ನಾನು ನೋಡಿದ್ದೇನೆ.

ಬೇರಿನ ತುದಿ ಬಹಳ ಮೆತ್ತಗಿನ ವಸ್ತು. ಉಗುರಿನಿಂದ ಚಿವುಟಬಹುದು. ಅದು ಕಲ್ಲು ಕೊರೆಯುವುದಿಲ್ಲ. ತೇವ ಎಲ್ಲಿದೆ, ಮಣ್ಣು ಎಲ್ಲಿ ಸಡಿಲ ಇದೆ ಅಂತ ಹುಡುಕಿಕೊಂಡು ಹೋಗುತ್ತದೆ, ಅಷ್ಟೇ. ಹಲವು ವರ್ಷದ ಹಿಂದೆ ಹರಿಹರದ ಒಂದು ಮನೆಯಲ್ಲಿ ಗೋಡೆ ಪಕ್ಕ ಗುಂಡಿ ತೆಗೆಸಿದ್ದೆ. ಹೊಂಗೆ ಮರದ ಬೇರು, ತೋಳಿನಷ್ಟು ದಪ್ಪದ್ದು, ನೇರ ಪಾಯದ ಕಡೆ ಬಂದಿತ್ತು. ಕಲ್ಲು ಮುಟ್ಟಿದ ಕಡೆ ಗಕ್ಕನೆ ತಿರುಗಿ, ಗೋಡೆಗುಂಟ ಪಟ್ಟಿಯ ಹಾಗೆ ಚಪ್ಪಟೆಯಾಗಿ ಹೋಗಿತ್ತು. ಕಲ್ಲಿನ ಉಬ್ಬು ತಗ್ಗುಗಳ ಅಚ್ಚು ಬೇರಿನ ಮೇಲೆ ಮೂಡಿತ್ತು. ಪಾಯದ ಒಂದು ಸಂದಿಯ ಗಾರೆಯೂ ಅಲುಗಿರಲಿಲ್ಲ. ಮನೆಯವರಿಗೆ ಅದನ್ನು ಕೈಯಿಂದ ಮುಟ್ಟಿಸಿ ತೋರಿಸಿದೆ. ಮಾತಿನಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಾಗಂತ ಬೇರಿಗೆ ಬಲವೇ ಇಲ್ಲ ಅಂತಲ್ಲ. ದಪ್ಪವಾಗುತ್ತಾ ಹೋದ ಬೇರು ಹಗುರವಾದದ್ದನ್ನು ಎತ್ತುತ್ತದೆ. ಅಂಗಳದ ಕಡಪ ಕಲ್ಲು, ಫುಟ್‌ಪಾತಿನ ಚಪ್ಪಡಿ, ಅರ್ಧ ಅಡಿ ಪಾಯದ ಕಾಂಪೌಂಡ್ ಗೋಡೆ, ಮೆಟ್ಟಿಲು ಇವನ್ನೆಲ್ಲ ಎತ್ತಿ ಒಡೆದು ಹಾಕುತ್ತದೆ. ಮೇಲೆ ಇಡೀ ಮನೆಯ ಭಾರ ಕೂತಿರುವ ಪಾಯವನ್ನು ಎತ್ತಲು ಅದರಿಂದ ಆಗುವುದಿಲ್ಲ. ಮರ ಗೋಡೆಗೆ ಅಂಟಿಕೊಂಡೇ ಬೆಳೆದಿದ್ದರೆ, ಬುಡವೇ ಗೋಡೆಯನ್ನು ತಳ್ಳುತ್ತಿದ್ದರೆ ಮಾತು ಬೇರೆ. ನಿಮ್ಮದು 9 ಅಡಿ ದೂರ ಇದೆ.

ಹಾಗಾದರೆ ಬಿರುಕು ಯಾಕೆ ಬಂತು? ಕಾರಣ ನಿಮ್ಮ ಪಾಯದ ಕೆಳಗಿನ ಎರೆ ಮಣ್ಣಿನಲ್ಲಿದೆ.

ಹೊಲ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಯುಗಾದಿ ಹೊತ್ತಿಗೆ ಎರೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಮಳೆ ಬಿದ್ದರೆ ಎಲ್ಲ ಮುಚ್ಚಿಕೊಂಡು ನೆಲ ಹಿಟ್ಟಿನ ಹಾಗೆ ಉಬ್ಬುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಜಾಸ್ತಿ. ಅದರ ಪದರಗಳ ನಡುವೆ ನೀರು ಸೇರಿದರೆ ಹಿಗ್ಗುತ್ತದೆ, ನೀರು ಆರಿದ ಮೇಲೆ ಕುಗ್ಗುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಾ ವರ್ಷ ಅಷ್ಟಿಷ್ಟು ಏಳುತ್ತಾ ಇಳಿಯುತ್ತಾ ಇರುತ್ತದೆ. ಇಡೀ ಮನೆ ಒಂದೇ ಸಮ ಎದ್ದು ಒಂದೇ ಸಮ ಇಳಿದರೆ ಏನೂ ಆಗುವುದಿಲ್ಲ. ಒಂದು ಮೂಲೆ ಮಾತ್ರ ಜಾಸ್ತಿ ಇಳಿದರೆ ಗೋಡೆ ಸೀಳುತ್ತದೆ.

ಮರದ ಪಾತ್ರ ಇಲ್ಲಿ ಬರುತ್ತದೆ. ದೊಡ್ಡ ಬೇವು ಬೇಸಿಗೆಯಲ್ಲಿ ದಿನಕ್ಕೆ ಹತ್ತಾರು ಕೊಡ ನೀರು ಎಳೆಯುತ್ತದೆ. ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿಯಲ್ಲೇ ಇರುತ್ತವೆ, ಕೊಂಬೆ ಹರಡಿದ್ದಕ್ಕಿಂತ ಎಷ್ಟೋ ಆಚೆಗೆ ಹೋಗಿರುತ್ತವೆ. ಬರಗಾಲ ಬಂದರೆ ಆಳದ ಬೇರುಗಳೂ ಕೆಲಸಕ್ಕೆ ಇಳಿಯುತ್ತವೆ. ಹಾಗಾಗಿ ಆ ಒಂದು ಮೂಲೆಯ ಮಣ್ಣು ಉಳಿದ ಮೂರು ಮೂಲೆಗಿಂತ ಜಾಸ್ತಿ ಒಣಗುತ್ತದೆ, ಜಾಸ್ತಿ ಕುಗ್ಗುತ್ತದೆ. ಬೇರು ಪಾಯಕ್ಕೆ ಕೈ ಹಚ್ಚಿರುವುದಿಲ್ಲ. ಪಾಯದ ಕೆಳಗಿನ ನೀರು ಕುಡಿದಿರುತ್ತದೆ.

ಇದೇ ಬೇವು, ಇದೇ 9 ಅಡಿ, ಆದರೆ ಮನೆ ಚಿತ್ರದುರ್ಗದ ಬೆಟ್ಟದ ಬುಡದಲ್ಲಿ ಇದ್ದಿದ್ದರೆ? ಅಲ್ಲಿ ಕೆಂಪು ಗರಸು ಮಣ್ಣು, ಎರಡು ಮೂರು ಅಡಿ ಹೋದರೆ ಗಟ್ಟಿ ಮೊರಂ, ಅದರ ಕೆಳಗೆ ಬಂಡೆ. ಒಣಗಿದರೂ ಕುಗ್ಗುವ ಮಣ್ಣಲ್ಲ ಅದು. ನಮ್ಮ ಸಂಬಂಧಿಕರ ಮನೆ ಅಲ್ಲಿದೆ. ಗೋಡೆಯಿಂದ 6 ಅಡಿಗೆ ಮೂವತ್ತು ವರ್ಷದ ಹೊಂಗೆ ಇದೆ. ಗೋಡೆಯ ಗಿಲಾವಿನಲ್ಲಿ ಒಂದು ಎಳೆ ಬಿರುಕಿಲ್ಲ. ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಮರದ ಹೆಸರು ಕೇಳುವುದಿಲ್ಲ, ಮಣ್ಣಿನ ಬಣ್ಣ ಕೇಳುತ್ತೇನೆ.

ನಿಮ್ಮ ಬಿರುಕು 2024ರ ಏಪ್ರಿಲ್‌ನಲ್ಲೇ ಯಾಕೆ ಕಾಣಿಸಿತು ಅನ್ನುವುದಕ್ಕೂ ಉತ್ತರ ಇದೆ. 2022ರಲ್ಲಿ ನಮ್ಮ ಕಡೆ ಎಂಥ ಮಳೆ ಆಯಿತು ನೆನಪಿದೆ ಅಲ್ವಾ? ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ನೆಲ ಕುಡಿದು ಕುಡಿದು ಉಬ್ಬಿತ್ತು. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಉಬ್ಬಿದ ನೆಲ ಒಂದೇ ಸಮನೆ ಒಣಗಿತು. 17 ವರ್ಷ ಸುಮ್ನೆ ಇದ್ದ ಮನೆ ಆ ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದು ನನಗೆ ಆಶ್ಚರ್ಯ ತರುವುದಿಲ್ಲ. ಆ ಬೇಸಿಗೆ ನನಗೆ ಬಂದಷ್ಟು ಬಿರುಕಿನ ಫೋನುಗಳು ಬೇರೆ ಯಾವ ವರ್ಷವೂ ಬಂದಿರಲಿಲ್ಲ. ಅವುಗಳಲ್ಲಿ ಹತ್ತಿರ ಒಂದೂ ಮರ ಇಲ್ಲದ ಮನೆಗಳೂ ಇದ್ದವು.

ನಿಮ್ಮ ಪತ್ರದಲ್ಲಿ ಒಳ್ಳೆ ಸುಳಿವುಗಳಿವೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಅಂದಿದ್ದೀರಿ. ಮೂಲೆ ಕೆಳಕ್ಕೆ ವಾಲಿದಾಗ ಹೀಗಾಗುತ್ತದೆ. ನೆಲ ಉಬ್ಬಿ ಎತ್ತಿದ್ದರೆ ಸಾಮಾನ್ಯವಾಗಿ ಕೆಳಗೆ ಅಗಲ ಇರುತ್ತದೆ. ಮಳೆಯಲ್ಲಿ ಕೂಡಿಕೊಂಡು ಬೇಸಿಗೆಯಲ್ಲಿ ಬಿಡುತ್ತದೆ ಅಂದಿದ್ದೀರಿ. ಮಣ್ಣಿನ ತೇವದ ಆಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2016ರ ಮೇಲಿನ ರೂಮಿನ ಭಾರದಿಂದ ಪಾಯ ಕುಸಿದಿದ್ದರೆ ಬಿರುಕು ಒಂದು ಎರಡು ವರ್ಷದೊಳಗೆ ಬರುತ್ತಿತ್ತು, ಬಂದ ಮೇಲೆ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿರಲಿಲ್ಲ.

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಬಾಗಿಲಿನ ವಿಷಯ. ಮರದ ಬಾಗಿಲು ಹಿಡಿಯುವುದು ಮಳೆಗಾಲದಲ್ಲಿ, ತೇವಕ್ಕೆ ಉಬ್ಬಿ. ಎಲ್ಲರ ಮನೆಯಲ್ಲೂ ಅಷ್ಟೇ. ನಿಮ್ಮದು ಬೇಸಿಗೆಯಲ್ಲಿ ಹಿಡಿಯುತ್ತದೆ. ಹಾಗಾದರೆ ಉಬ್ಬಿದ್ದು ಬಾಗಿಲಲ್ಲ, ಚೌಕಟ್ಟೇ ಓರೆಯಾಗಿದೆ. ಬಡಗಿ ಕರೆಸಿ ಬಾಗಿಲು ತೋಪಡಾ ಹೊಡೆಸಬೇಡಿ. ಮಳೆಗಾಲ ಬಂದಾಗ ಸಂದಿ ಕಾಣುತ್ತದೆ.

ನಾಣ್ಯ ತೂರುವಷ್ಟು ಅಂದರೆ ಎರಡು ಮೂರು ಮಿಲಿಮೀಟರ್. 5 ಮಿಲಿಮೀಟರ್ ಒಳಗಿನ ಬಿರುಕನ್ನು ನಾವು ಸಣ್ಣ ಹಾನಿ ಅಂತ ಎಣಿಸುತ್ತೇವೆ. ನೋಡಲು ಚೆನ್ನಾಗಿರುವುದಿಲ್ಲ, ಮನೆಗೆ ಅಪಾಯ ಇಲ್ಲ. 15 ದಾಟಿದರೆ ಗೋಡೆಯ ಆ ಭಾಗ ಬಿಚ್ಚಿ ಕಟ್ಟಬೇಕಾಗಬಹುದು. 25 ದಾಟಿದರೆ ಅಲ್ಲಿ ಮಲಗುವುದು ನಿಲ್ಲಿಸಿ, ಮಾರನೇ ದಿನವೇ ಇಂಜಿನಿಯರ್ ಕರೆಸಬೇಕು. ನೀವು ಇನ್ನೂ ಮೊದಲ ಮೆಟ್ಟಿಲಲ್ಲಿದ್ದೀರಿ. ಹಾಗಾಗಿ ಯೋಚನೆ ಮಾಡಲು ಸಮಯ ಇದೆ.

ಆ ಸಮಯವನ್ನು ಅಳೆಯಲು ಬಳಸಿ. ಬಿರುಕಿನ ಆಚೆಗೊಂದು ಈಚೆಗೊಂದು ಸಣ್ಣ ಸ್ಕ್ರೂ ಗೋಡೆಗೆ ಕೂರಿಸಿ, ಗಿಲಾವಿಗಲ್ಲ, ಒಳಗಿನ ಇಟ್ಟಿಗೆಗೆ. ಬಿರುಕಿನ ಮೇಲ್ತುದಿಯಲ್ಲಿ ಒಂದು ಜೋಡಿ, ಕೆಳಗೆ ಒಂದು ಜೋಡಿ. ಒಂದು ವರ್ನಿಯರ್ ಕ್ಯಾಲಿಪರ್ ತನ್ನಿ. ಪ್ರತಿ ತಿಂಗಳ 1ನೇ ತಾರೀಕು ಎರಡೂ ಜೋಡಿಯ ಅಂತರ ಅಳೆದು ಗೋಡೆ ಕ್ಯಾಲೆಂಡರಿನಲ್ಲೇ ಬರೆಯಿರಿ. ಆ ತಿಂಗಳು ಮಳೆ ಬಂತಾ ಇಲ್ವಾ ಅನ್ನುವುದನ್ನೂ ಬರೆಯಿರಿ. ಕೆಲವರು ಬಿರುಕಿನ ಮೇಲೆ ಗಾಜಿನ ಚೂರು ಅಂಟಿಸುತ್ತಾರೆ. ಅದು ಒಡೆದರೆ ಗೋಡೆ ಅಲುಗಿದೆ ಅಂತ ಗೊತ್ತಾಗುತ್ತದೆ, ಎಷ್ಟು, ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಅಳೆದರೆ ನಿಮ್ಮ ಮನೆ ಏನು ಮಾಡುತ್ತಿದೆ ಅಂತ ಅದೇ ಹೇಳುತ್ತದೆ. ಹೋಗಿ ಬಂದು ಅದೇ ಅಳತೆಗೆ ನಿಂತರೆ ಋತುವಿನ ಆಟ. ಪ್ರತಿ ಬೇಸಿಗೆಗೂ ಹಿಂದಿನದಕ್ಕಿಂತ ಜಾಸ್ತಿ ಬಿಟ್ಟರೆ ಮುಂದಿನ ಹೆಜ್ಜೆ ಇಡಬೇಕು.

ಅಳೆಯುತ್ತಾ ಕೂರುವುದಷ್ಟೇ ಅಲ್ಲ, ನೀರಿನ ಕೆಲಸ ಈಗಲೇ ಶುರು ಮಾಡಬೇಕು. ನನ್ನ ಅನುಭವದಲ್ಲಿ ಎರೆ ನೆಲದ ಮನೆಗಳ ಅರ್ಧ ಕಾಯಿಲೆ ಇಲ್ಲೇ ವಾಸಿಯಾಗುತ್ತದೆ.

ಮೊದಲು ಚೇಂಬರ್. ವರ್ಷಕ್ಕೆರಡು ಸಲ ಕಟ್ಟಿಕೊಳ್ಳುತ್ತದೆ ಅಂದರೆ ಪೈಪಿನೊಳಗೆ ಬೇರು ಇರುವ ಸಾಧ್ಯತೆ ಜಾಸ್ತಿ. 2006ರಲ್ಲಿ ಹಾಕಿದ್ದು ಗುಂಡನೆಯ ಮಣ್ಣಿನ ಸ್ಟೋನ್‌ವೇರ್ ಪೈಪ್ ಇರಬಹುದು, ಎರಡೆರಡು ಅಡಿಗೆ ಸಿಮೆಂಟ್ ಜಾಯಿಂಟ್. ನೆಲ ಅಲುಗಿದರೆ ಜಾಯಿಂಟ್ ಬಿಡುತ್ತದೆ, ನೀರು ಜಿನುಗುತ್ತದೆ. ಆ ತೇವಕ್ಕೆ ಕೂದಲಷ್ಟು ತೆಳ್ಳಗಿನ ಬೇರು ಒಳಗೆ ಇಳಿಯುತ್ತದೆ. ಒಮ್ಮೆ ಇಂಥ ಪೈಪಿನಿಂದ ನಮ್ಮ ಹುಡುಗರು ಬೇರಿನ ಗಂಟೊಂದನ್ನು ಎಳೆದರು. ಎಳೆದಂತೆಲ್ಲ ಬರುತ್ತಲೇ ಇತ್ತು. ಕೊನೆಗೆ ಆರಡಿ ಉದ್ದದ, ನೆಂದ ಜಡೆಯಂಥ ಹಗ್ಗ ಅಂಗಳದಲ್ಲಿ ಬಿದ್ದಿತ್ತು. ಪೈಪಿನ ಗುಂಡನೆಯ ಆಕಾರವನ್ನೇ ಅದು ತಳೆದಿತ್ತು. ಒಳಗೆ ಹೋಗಿದ್ದ ಕಿಂಡಿ ಮಾತ್ರ ಬೆಂಕಿಕಡ್ಡಿ ತೂರುವಷ್ಟು. ಬೇರು ಪೈಪನ್ನು ಒಡೆದು ಹೋಗಿರಲಿಲ್ಲ. ಒಡೆದ ಪೈಪು ಬೇರನ್ನು ಕರೆದಿತ್ತು. ಚೇಂಬರ್‌ನಿಂದ ಚೇಂಬರ್‌ಗೆ ಆ ಲೈನನ್ನು ಬಿಚ್ಚಿಸಿ, ರಬ್ಬರ್ ರಿಂಗಿನ ಪಿವಿಸಿ ಪೈಪ್ ಹಾಕಿಸಿ. ಸುಮ್ನೆ ಸಲಾಕೆ ಹಾಕಿ ತಿವಿಸಿದರೆ ಆರು ತಿಂಗಳಿಗೆ ಅದೇ ಕಥೆ. ಬೇರು ಕತ್ತರಿಸಿದಷ್ಟೂ ಚಿಗುರುತ್ತದೆ.

ಎರಡನೆಯದು ಮಾಳಿಗೆ ನೀರು. ಮಳೆ ಪೈಪು ಗೋಡೆಯ ಬುಡದಲ್ಲೇ ಬಿಡುತ್ತಿದೆಯಾ ನೋಡಿ. ಒಂದು ಮೂಲೆಗೆ ನೀರು ಸುರಿದು ಇನ್ನೊಂದು ಮೂಲೆ ಒಣಗಿಸುವುದು ಎರೆ ಮಣ್ಣಿನಲ್ಲಿ ಮಾಡಬಾರದ ಕೆಲಸ. ಆ ನೀರನ್ನು ಸಂಪಿಗೋ ರಸ್ತೆ ಚರಂಡಿಗೋ ಪೈಪಿನಲ್ಲೇ ಕೊಂಡೊಯ್ಯಿರಿ. ಕಿಟಕಿ ಕೆಳಗೆ ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಮಾಡಿ ದಿನಾ ನೀರು ಬಿಡುತ್ತಿದ್ದರೆ ಅದನ್ನು ತೆಗೆದು ಕುಂಡಕ್ಕೆ ಹಾಕಿ.

ಮೂರನೆಯದು ಮನೆಯ ಸುತ್ತ ಒಂದು ಸಿಮೆಂಟ್ ಜಗಲಿ ಪಟ್ಟಿ, ನಾವು ಏಪ್ರನ್ ಅನ್ನುತ್ತೇವೆ. 4 ಅಡಿ ಅಗಲ, ಗೋಡೆಯಿಂದ ಹೊರಗೆ 2 ಇಂಚು ಇಳಿಜಾರು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಗೋಡೆಗೂ ಪಟ್ಟಿಗೂ ನಡುವಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚಬೇಡಿ, ಡಾಂಬರು ಅಥವಾ ರಬ್ಬರಿನಂಥ ಸೀಲಂಟ್ ತುಂಬಿ. ಮಳೆಗಾಲದ ನೀರು ಪಾಯದ ಬುಡಕ್ಕೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಬುಡದ ತೇವ ಆರುವುದೂ ಕಡಿಮೆ. ಮಣ್ಣಿನ ಏರಿಳಿತ ತಗ್ಗುತ್ತದೆ. ಆದರೆ ಚೆನ್ನಾಗಿ ಕಾಣುತ್ತದೆ ಅಂತ ಇಡೀ ಅಂಗಳಕ್ಕೆ, ಬೇವಿನ ಬೊಡ್ಡೆವರೆಗೂ ಕಾಂಕ್ರೀಟ್ ಹಾಕಿಸಬೇಡಿ. ನೀರು ಸಿಗದ ಮರ ಮನೆಯ ಅಡಿಗೇ ಬೇರು ಚಾಚುತ್ತದೆ. ಬಚ್ಚಲ ನೀರನ್ನು ಸೋಸಿ, ಮರದ ಆಚೆ ಬದಿಗೆ, ಕಾಂಪೌಂಡ್ ಕಡೆಗೆ ಬಿಟ್ಟರೆ ಒಳ್ಳೆಯದು. ಬೇರು ಆ ಕಡೆ ತಿರುಗಲು ಒಂದು ಕಾರಣ ಸಿಗುತ್ತದೆ.

ಇಷ್ಟು ಮಾಡಿ ಒಂದು ವರ್ಷ ಅಳೆದ ಮೇಲೂ ಬಿರುಕು ಬೆಳೆಯುತ್ತಲೇ ಇದ್ದರೆ ಆಗ ಮರದ ಕಡೆ ನೋಡೋಣ.

ಕೊಂಬೆ ತರಿಸುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಎಲೆ ಕಡಿಮೆಯಾದರೆ ನೀರು ಕುಡಿಯುವುದೂ ಕಡಿಮೆ, ಅದು ನಿಜ. ಆದರೆ ಅಲ್ಲೊಂದು ಇಲ್ಲೊಂದು ಕೊಂಬೆ ತೆಗೆದರೆ ಮಣ್ಣಿಗೆ ಗೊತ್ತೂ ಆಗುವುದಿಲ್ಲ. ತಲೆ ಪೂರ್ತಿ ಬೋಳಿಸಿದರೆ ಬೇವು ಎರಡೇ ವರ್ಷದಲ್ಲಿ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ, ಆ ಚಿಗುರಿನ ಕೊಂಬೆಗಳು ಗಾಳಿಗೆ ಸೀಳಿ ಬೀಳುತ್ತವೆ. ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯದೆ, ಎರಡು ಮೂರು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸುವವರಿಗೆ ಮಾತ್ರ ಇದರಿಂದ ಉಪಯೋಗ.

ಇನ್ನೊಂದು, ಬೇರಿಗೆ ತಡೆ. ಮನೆಗೂ ಮರಕ್ಕೂ ನಡುವೆ 4 ಅಡಿ ಆಳದ ಕಿರಿದಾದ ಕಾಲುವೆ ತೋಡಿ, ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪ ಹಾಳೆಯನ್ನು ನಿಲ್ಲಿಸಿ ಮಣ್ಣು ಮುಚ್ಚುವುದು. ಹಾಳೆಯ ಅಂಚು ನೆಲದಿಂದ 2 ಇಂಚು ಮೇಲೆ ಇರಬೇಕು. ಇಲ್ಲದಿದ್ದರೆ ಬೇರು ಹಾಳೆ ಮೇಲಿಂದ ದಾಟುತ್ತದೆ. ನಿಮ್ಮಲ್ಲಿ ಇದನ್ನು ಗೋಡೆಯಿಂದ 3 ಅಡಿಗೆ ಹಾಕಬೇಕು, ಮರದಿಂದ 6 ಅಡಿ ಉಳಿಯುತ್ತದೆ. ಬೊಡ್ಡೆಯ ದಪ್ಪದ ಮೂರು ಪಟ್ಟಿಗಿಂತ ಹತ್ತಿರ ಬೇರು ಕಡಿದರೆ ಮರ ನಿಲ್ಲುವ ಭರವಸೆ ಇಲ್ಲ. ನಿಮ್ಮದು ನಾಲ್ಕು ಪಟ್ಟು. ದಕ್ಕುತ್ತದೆ, ಆದರೆ ಅಂಚಿನಲ್ಲಿದೆ. ಒಂದೇ ಬದಿ ಮಾತ್ರ ಕಡಿಯಬೇಕು.

ಇಲ್ಲಿ ನನಗೆ ನಿಜವಾಗಿ ಹೆದರಿಕೆ ಇರುವುದು ಗಾಳಿಯದ್ದು. ಮುಂಗಾರಿನ ಗಾಳಿ ಬೀಸುವುದು ನೈರುತ್ಯದಿಂದ. ನಿಮ್ಮ ಮರ ಇರುವುದೂ ನೈರುತ್ಯ ಮೂಲೆಯಲ್ಲಿ. ಅದು ಬಿದ್ದರೆ ಬೀಳುವುದು ನಿಮ್ಮ ಬೆಡ್‌ರೂಮಿನ ಮೇಲೆಯೇ. ಬೇರು ಕಡಿದು ಎರಡೇ ತಿಂಗಳಿಗೆ ಆರಿದ್ರಾ ಮಳೆಯ ಗಾಳಿ ಬಂದರೆ ಏನು ಗತಿ? ಹಾಗಾಗಿ ಈ ಕೆಲಸ ಮಾಡಿಸುವುದಾದರೆ ಹಿಂಗಾರು ಮುಗಿದ ಮೇಲೆ, ಕಾರ್ತಿಕದ ನಂತರ ಮಾಡಿಸಿ. ಮೊದಲು ಕೊಂಬೆ ಹಗುರ ಮಾಡಿ, ಆಮೇಲೆ ಕಾಲುವೆ. ಜೆಸಿಬಿ ತರಿಸಬೇಡಿ. ಅದು ಬೇರನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ. ಕೈಯಲ್ಲಿ ತೋಡಿಸಿ, ಗರಗಸದಲ್ಲಿ ನೇರವಾಗಿ ಕೊಯ್ಯಿಸಿ. ಗೋಡೆ ಉದ್ದಕ್ಕೂ ಒಂದೇ ಸಲ ತೆರೆಯದೆ, ನಾಲ್ಕು ನಾಲ್ಕು ಅಡಿ ತೋಡಿ ಮುಚ್ಚುತ್ತಾ ಹೋಗಿ.

ಇನ್ನೊಂದು ಸತ್ಯ ಹೇಳಬೇಕು. ಆಳದ ಎರೆ ಮಣ್ಣಿನಲ್ಲಿ ಈ ಹಾಳೆ ಪೂರ್ತಿ ಪರಿಹಾರ ಅಲ್ಲ. ಕೆಲವು ವರ್ಷದಲ್ಲಿ ಬೇರು ಅದರ ಅಡಿಯಿಂದ ಹಾಯಬಹುದು. ಪೈಪು, ಅಂಗಳ, ಕಾಂಪೌಂಡು ಉಳಿಸಲು ಬಹಳ ಒಳ್ಳೆಯದು. ಪಾಯದ ಕೆಳಗಿನ ತೇವ ಉಳಿಸಲು ಅರ್ಧದಷ್ಟು ಸಹಾಯ.

ಕೊನೆಯ ದಾರಿ ಕಡಿಯುವುದು. ಇದಕ್ಕೂ ಅಪಾಯ ಇದೆ ಅಂದರೆ ಜನ ನಂಬುವುದಿಲ್ಲ. ಮರ ಹೋದ ಮೇಲೆ ಅದು ಕುಡಿಯುತ್ತಿದ್ದ ನೀರು ಮಣ್ಣಿನಲ್ಲೇ ಉಳಿಯುತ್ತದೆ. ಒಣಗಿ ಕುಗ್ಗಿದ್ದ ಎರೆ ಮಣ್ಣು ಮತ್ತೆ ಹಿಗ್ಗುತ್ತದೆ, ಒಂದೇ ಸಲ ಅಲ್ಲ, ಕೆಲವು ವರ್ಷಗಳ ಉದ್ದಕ್ಕೂ. ಒಬ್ಬರು ಅರವತ್ತು ವರ್ಷದ ಹುಣಸೆ ಮರ ಕಡಿಸಿ, ಅದೇ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಮನೆ ಎಬ್ಬಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಲ್ ಮಧ್ಯದ ಟೈಲ್ಸು ಹಪ್ಪಳದ ಹಾಗೆ ಎದ್ದು ನಿಂತವು, ಗೋಡೆಯಲ್ಲಿ ಬುಡ ಅಗಲವಾದ ಬಿರುಕು ಬಂತು. ಮರವೇ ಇರಲಿಲ್ಲ ಆಗ. ಪಾಪ, ಯಾರನ್ನು ದೂರಬೇಕೋ ಅವರಿಗೆ ತಿಳಿಯಲಿಲ್ಲ.

ನಿಮ್ಮ ವಿಷಯದಲ್ಲಿ ಒಂದು ಸಮಾಧಾನ ಇದೆ. ನಿಮ್ಮ ಮನೆ ಮರಕ್ಕಿಂತ ವಾರದಷ್ಟಾದರೂ ದೊಡ್ಡದು. ಮರ ಬರುವ ಮುಂಚಿನ ಮಣ್ಣಿನ ಮೇಲೆ ಪಾಯ ಕೂತಿದೆ. ಮರ ಹೋದರೆ ಮಣ್ಣು ಹೆಚ್ಚು ಕಡಿಮೆ ಹಳೆಯ ಮಟ್ಟಕ್ಕೆ ಮರಳುತ್ತದೆ, ಅದಕ್ಕಿಂತ ಮೇಲೆ ಎತ್ತುವ ಭಯ ಕಡಿಮೆ. ಮನೆಗಿಂತ ಹಳೆಯ ಮರ ಇರುವವರು ಮಾತ್ರ ಇಂಜಿನಿಯರನ್ನು ಕೇಳದೆ ಕಡಿಯಲೇಬಾರದು. ನೀವು ಕಡಿದರೂ ಎರಡು ಮಳೆಗಾಲ ಕಳೆಯುವ ತನಕ ಬಿರುಕಿಗೆ ಗಿಲಾವು, ಬಣ್ಣ ಮಾಡಿಸಬೇಡಿ. ಬೊಡ್ಡೆಯನ್ನು ಬುಡಸಮೇತ ಕೀಳಿಸುವುದೂ ಬೇಡ, ಗೋಡೆ ಪಕ್ಕದ ಮಣ್ಣು ಸಡಿಲವಾಗುತ್ತದೆ. ಚಿಗುರು ಬಂದ ಹಾಗೆ ತೆಗೆಯುತ್ತಿದ್ದರೆ ತಾನಾಗಿ ಸಾಯುತ್ತದೆ. ಆ್ಯಸಿಡ್ ಹಾಕಿದರೆ ಅದು ನಿಮ್ಮ ಪಾಯದ ಗಾರೆಯನ್ನೇ ತಿನ್ನುತ್ತದೆ. ಬೇರು ಮಾಡದ ಕೆಲಸವನ್ನು ಆ್ಯಸಿಡ್ ಮಾಡುತ್ತದೆ.

ಕಾನೂನೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಆ ಪಟ್ಟಿಗೆ ಆಮೇಲೆ ತಿದ್ದುಪಡಿಗಳೂ ಬಂದಿವೆ. ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ, ಅರ್ಜಿ ಕೊಟ್ಟು, ಕಾಗದ ಕೈಗೆ ಬಂದ ಮೇಲೆ ಮುಂದಿನ ಮಾತು.

ಪಾಯದ ಕೆಳಗೆ ಇನ್ನೂ ಆಳಕ್ಕೆ ಕಾಂಕ್ರೀಟ್ ಕೊಡುವ ಅಂಡರ್‌ಪಿನ್ನಿಂಗ್ ಕೆಲಸವನ್ನು ಯಾರಾದರೂ ಹೇಳಿಯಾರು. ಖರ್ಚು ಬಹಳ, ತಪ್ಪಾಗಿ ಮಾಡಿದರೆ ಇರುವ ಗೋಡೆಯೂ ಕೂರುತ್ತದೆ. 3 ಮಿಲಿಮೀಟರ್ ಬಿರುಕಿಗೆ ಅದು ಬೇಡ.

ತೆಂಗಿನ ಬಗ್ಗೆ ಚಿಂತೆ ಬಿಡಿ. ಅದಕ್ಕೆ ತಾಯಿಬೇರಿಲ್ಲ. ಹಗ್ಗದಂಥ ಬೇರುಗಳು, ಎಷ್ಟು ವರ್ಷವಾದರೂ ಅಷ್ಟೇ ದಪ್ಪ. ಕಾಯಿ, ಗರಿ ತಲೆ ಮೇಲೆ ಬೀಳದ ಹಾಗೆ ನೋಡಿಕೊಂಡರೆ ಸಾಕು.

ಮಗನ ಮನೆಗೆ ಬರೋಣ. ಅಲ್ಲಿ ಎಲ್ಲವನ್ನೂ ಮೊದಲೇ ಸರಿ ಮಾಡುವ ಅವಕಾಶ ಇದೆ. ಪಾಯ ತೆಗೆಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಒಂದು ಪರೀಕ್ಷೆ ಬಹಳ ಸರಳ. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂ ಒಂದು ಜಾಡಿಯ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದು ಅದಕ್ಕಿಂತ ಎಷ್ಟು ಮೇಲೆ ಬಂತು ಅನ್ನುವುದರಿಂದ ಮಣ್ಣಿನ ಗುಣ ತಿಳಿಯುತ್ತದೆ. ಅರ್ಧದಷ್ಟು ಜಾಸ್ತಿ ಬಂದರೆ ಎಚ್ಚರ ವಹಿಸಬೇಕಾದ ಮಣ್ಣು. ಅಂಥ ಕಡೆ 4 ಅಡಿ ಕಲ್ಲಿನ ಪಾಯ ನಂಬಬೇಡಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್ ರೀಮ್ಡ್ ಪೈಲ್ ಅನ್ನುವ ವಿಧಾನ ಇದೆ. ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ರಂಧ್ರ ಕೊರೆದು, ತಳದಲ್ಲಿ ಗಡ್ಡೆಯ ಹಾಗೆ ಎರಡೂವರೆ ಪಟ್ಟು ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಋತು ಬದಲಾದರೂ ತೇವ ಹೆಚ್ಚು ಬದಲಾಗದ ಆಳದಲ್ಲಿ ಅದರ ಬುಡ ಹಿಡಿದುಕೊಂಡಿರುತ್ತದೆ. ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಸಂದಿ ಬಿಟ್ಟಿರುತ್ತಾರೆ, ಮಣ್ಣು ಉಬ್ಬಿದರೆ ಆ ಸಂದಿಗೆ ಉಬ್ಬಲಿ ಅಂತ. ಇಂಜಿನಿಯರ್ ಲೆಕ್ಕ ಹಾಕಿಯೇ ಇದನ್ನು ಮಾಡಿಸಬೇಕು.

ಗಿಡ ಎಷ್ಟು ದೂರ ಅಂದರೆ, ಎರೆ ಮಣ್ಣಿನಲ್ಲಿ ಮರ ಬೆಳೆದು ಎಷ್ಟು ಎತ್ತರ ಆಗುತ್ತದೋ ಗೋಡೆಯಿಂದ ಅಷ್ಟು ದೂರ ಇರಬೇಕು. ಸಣ್ಣ ಸೈಟಿನಲ್ಲಿ ಬೇವು, ಮಾವು, ಗುಲ್‌ಮೊಹರಿಗೆ ಅಷ್ಟು ಜಾಗ ಸಿಗುವುದಿಲ್ಲ. ಕರಿಬೇವು, ಪಾರಿಜಾತ, ನಿಂಬೆ, ದಾಳಿಂಬೆ ಹಾಕಲಿ. ಆಲ, ಅರಳಿ, ಅತ್ತಿ ಮನೆ ಹತ್ತಿರ ಬೇಡವೇ ಬೇಡ.

ಅರಳಿ ಅಂದಾಗ ನಿಮ್ಮ ಪ್ಯಾರಾಪೆಟ್ಟಿನ ಸಸಿ ನೆನಪಾಯಿತು. ಇಡೀ ಪತ್ರದಲ್ಲಿ ಈ ವಾರವೇ ಮಾಡಬೇಕಾದ ಕೆಲಸ ಅದೊಂದೇ. ಬೇವು ಮಾಡದ್ದನ್ನು ಈ ಸಸಿ ಮಾಡಬಲ್ಲದು. ಅದು ನೆಲದಲ್ಲಿಲ್ಲ, ಇಟ್ಟಿಗೆ ಸಂದಿಯಲ್ಲೇ ಹುಟ್ಟಿದೆ. ದಪ್ಪವಾಗುವಾಗ ಆ ಸಂದಿಯನ್ನೇ ಅಗಲಿಸುತ್ತದೆ. ಹಳೇ ಕೋಟೆ, ಗುಡಿಗಳ ಗೋಡೆಯಲ್ಲಿ ಅರಳಿ ಬೇರು ಕಲ್ಲನ್ನು ಹೊರಗೆ ದೂಡಿರುವುದನ್ನು ನೀವೂ ನೋಡಿರುತ್ತೀರಿ. ಮೇಲೆ ಚಿವುಟಿದರೆ ಮತ್ತೆ ಬರುತ್ತದೆ. ಹಿಂದಿನ ರಾತ್ರಿ ಆ ಜಾಗಕ್ಕೆ ನೀರು ಹಾಕಿ ನೆನೆಯಲು ಬಿಡಿ. ಬೆಳಿಗ್ಗೆ ಸುತ್ತಲಿನ ಗಿಲಾವನ್ನು ಉಳಿಯಿಂದ ಮೆಲ್ಲಗೆ ಕೆತ್ತಿ, ಬೇರು ತುಂಡಾಗದ ಹಾಗೆ ಪೂರ್ತಿ ಹೊರಗೆಳೆಯಿರಿ. ಆ ಸಂದಿಗೆ ಅವತ್ತೇ ಸಿಮೆಂಟ್ ಗಾರೆ ಒತ್ತಿ ತುಂಬಿ. ಕಿತ್ತ ಸಸಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಾಯಿಯವರ ಕೈಗೆ ಕೊಡಿ. ಊರಾಚೆ ಕೆರೆ ಪಕ್ಕದ ಬಯಲಲ್ಲೋ, ಗುಡಿಯ ಮುಂದಿನ ಜಾಗದಲ್ಲೋ, ಗೋಡೆಗಳಿಂದ ದೂರ, ಕೇಳಿಕೊಂಡು ನೆಡಲಿ.